ಕಲಾಯಿ ಹಾಕಿದ ಹಾರ್ನು

ಆಗ ನನಗೆ ಮೂವತ್ತು. ಅದಾಗಿ ನಲವತ್ತು ವರ್ಷವಾಯಿತು. ಶಹಾಪುರದ ಕಡೆ ಕಾಲುವೆ ಅಗೆಯುತ್ತಿದ್ದರು. ಅಲ್ಲಿ ನಮ್ಮದು ಹಿತ್ತಾಳೆ ಪಾತ್ರೆಯ ಒಳಗೆ ತವರದ ಕಲಾಯಿ ಹಾಕುವ ಅಂಗಡಿ. ಸುರಪುರದ ಸಾಹುಕಾರರೊಬ್ಬರು ಹಳೇ ಮೋಟಾರಿನಲ್ಲಿ ಬಂದು, ಅಟ್ಟದಲ್ಲಿ ಸಿಕ್ಕ ಮೂರು ಹಿತ್ತಾಳೆ ಹಾರ್ನು ಮುಂದಿಟ್ಟರು.

"ನಮ್ಮಪ್ಪ ಈ ಮೋಟಾರಿಗೆ ಹಾಕಿದ್ದು ಇದರಾಗ ಯಾವ್ದು ನೋಡ್ರಿ. ಅದನ್ನ ಊದೂ ಹಂಗ ಮಾಡಿಕೊಡ್ರಿ."

ಮೂರನ್ನೂ ಹಿಡಿದು ನೋಡಿದೆ. ಒಂದರ ಪಟ್ಟಿಯ ತೂತು ಮಾತ್ರ ಮೋಟಾರಿನಲ್ಲಿ ಹಾರ್ನು ಬಿಗಿಯುವ ತೂತಿಗೆ ಸರಿಯಾಗಿ ಕೂತಿತು. ಸಾಹುಕಾರರು ಅದೊಂದನ್ನು ಬಿಟ್ಟು ಹೋದರು. ಗುರುತು ಹಿಡಿದವಳು ನಾನು, ಕೆಡಿಸಿದವನು ನನ್ನ ಗಂಡ.

ನಾನು ನೀರು ತರುವಷ್ಟರಲ್ಲಿ ಅವನು ಹಾರ್ನಿನ ಒಳಗೆಲ್ಲ ಕಲಾಯಿ ಹಾಕಿದ್ದ. ದನಿ ಹೊರಡಿಸುವ ತೆಳು ನಾಲಿಗೆಯನ್ನೂ ಬಿಟ್ಟಿರಲಿಲ್ಲ. ತವರ ಹತ್ತಿ ಅದು ದಪ್ಪವಾಗಿತ್ತು. ಹಾರ್ನಿನ ಹಿಂದಿನ ರಬ್ಬರ್ ಚೆಂಡು ಎಷ್ಟು ಹಿಚುಕಿದರೂ ಬರೀ ಗಾಳಿ.

"ಇದರಾಗ ಹುಳಿಸಾರು ಕುದಸ್ತಾರೇನ್ರಿ?" ಎಂದೆ.

"ಹಿತ್ತಾಳಿ ಕಂಡ್ರ ಕೈ ಸುಮ್ನಿರಂಗಿಲ್ಲ. ಬ್ಯಾರೆ ಹಾರ್ನಿಂದು ನಾಲಿಗಿ ಹಾಕಿ ಕೊಡೂಣು. ಅವರಿಗೇನು ತಿಳೀತದ?"

"ಸಣ್ಣಾವ್ರಿದ್ದಾಗಿಂದ ಇದರ ದನಿ ಕೇಳ್ಯಾರ ಅವರು. ನಿಮ್ಮಂಗ ಕಿವುಡರಲ್ಲ."

ಸಂಜೆವರೆಗೂ ಕೂತು ತವರ ಕೆರೆದೆ. ನಾಲಿಗೆ ಬಾಗಿತೇ ಹೊರತು ದನಿ ಬರಲಿಲ್ಲ. ಗಂಡ ಬೀಡಿ ಸೇದುತ್ತ ಬೇರೆ ನಾಲಿಗೆ ಹಾಕುವ ಮಾತನ್ನೇ ಆಡುತ್ತಿದ್ದ.

ಮರುದಿನ ಬೆಳಿಗ್ಗೆ ಹಾರ್ನನ್ನೂ ಕೆಟ್ಟ ನಾಲಿಗೆಯನ್ನೂ ಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೆ ಸುರಪುರಕ್ಕೆ ಹೋದೆ. ಸಾಹುಕಾರರ ಮನೆ ಕಟ್ಟೆಯ ಮೇಲೆ ಎರಡನ್ನೂ ಇಟ್ಟು, ಕೆಡಿಸಿದ್ದು ನಾವೇ ಎಂದು ಹೇಳಿದೆ.