ಭೋಂಗಾ ಒತ್ತಿದ್ದು ನಾನೇ

ಮದುವೆ ಮನೆಗೆ ಹೋದರೆ ಜನ ಮೊದಲು ಊಟದ ಪಂಗತಿ ಎಲ್ಲಿ ಕೂತಿದೆ ಅಂತ ನೋಡುತ್ತಾರೆ. ನಾನು ಗಾಳಿ ಎತ್ತಲಿಂದ ಬೀಸುತ್ತಿದೆ ಅಂತ ನೋಡುತ್ತೇನೆ. ಪೆಂಡಾಲಿನ ಜಾಲರಿ ಯಾವ ಕಡೆ ಹಾರುತ್ತಿದೆಯೋ ಅದರ ಎದುರು ಬದಿಗೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ. "ಈಕಿಗಿ ಹುಚ್ಚು ಹಿಡದದ ನೋಡ್ರಿ" ಅಂತ ನನ್ನ ನಾದಿನಿ ನಾಲ್ಕು ಜನರ ಮುಂದೆ ನಗುತ್ತಾಳೆ. ನಗಲಿ ಬಿಡಿ. ಇಷ್ಟು ವರ್ಷ ಕ್ಲೋರಿನ್ ಸಿಲಿಂಡರಿನ ಜೊತೆ ಸಂಸಾರ ಮಾಡಿದವಳಿಗೆ ಇನ್ನೆಂಥ ಅಭ್ಯಾಸ ಬಂದೀತು?

ನಾನು ಕೆಲಸಕ್ಕಿದ್ದ ನೀರಿನ ಘಟಕ ಯಾವ ಇಲಾಖೆಯದು, ಯಾವ ಊರಿಗೆ ನೀರು ಕೊಡುತ್ತಿತ್ತು ಅಂತ ಬರೆಯುವುದಿಲ್ಲ. ಅಲ್ಲಿ ಈಗಲೂ ಕೆಲಸ ಮಾಡುವವರು ಇದ್ದಾರೆ, ಅವರ ಅನ್ನಕ್ಕೆ ನಾನು ಕಲ್ಲು ಹಾಕುವುದು ಬೇಡ. ಶಹಾಬಾದಕ್ಕೂ ವಾಡಿಗೂ ನಡುವೆ ಒಂದು ದಿಬ್ಬದ ಮೇಲಿತ್ತು ಅಂದರೆ ಸಾಕು. ಕಾಗಿಣಾ ಹೊಳೆಯ ಕೆಂಪು ನೀರು ಮೇಲಕ್ಕೆ ಬರುತ್ತಿತ್ತು, ಮರಳಿನಲ್ಲಿ ಸೋಸಿ ತಿಳಿಯಾಗುತ್ತಿತ್ತು, ಕೊನೆಗೆ ಅದಕ್ಕೆ ಕ್ಲೋರಿನ್ ಸೇರಿಸಿ ಊರಿಗೆ ಬಿಡುತ್ತಿದ್ದೆವು. ಕ್ಲೋರಿನ್ ಅಂದರೆ ಕಬ್ಬಿಣದ ಸಿಲಿಂಡರಿನಲ್ಲಿ ಒತ್ತಿ ತುಂಬಿದ ವಿಷದ ಗಾಳಿ. ಎಳೆಯಷ್ಟು ಹೋದರೆ ನೀರಿನ ಹುಳ ಸಾಯುತ್ತವೆ. ಒಮ್ಮೆಲೇ ಹೊರಬಿದ್ದರೆ ಮನುಷ್ಯರು ಸಾಯುತ್ತಾರೆ. ಹಳದಿ ಹಸಿರು ಬಣ್ಣ, ಮೂಗು ಸುಡುವ ವಾಸನೆ. ಅದು ಬರೀ ಗಾಳಿಗಿಂತ ಭಾರ, ಹಾಗಾಗಿ ಮೇಲೆ ಹೋಗುವುದಿಲ್ಲ. ನೆಲ ಹಿಡಿದು ತಗ್ಗು ಹುಡುಕುತ್ತ ಹೋಗುತ್ತದೆ.

ಇದನ್ನೆಲ್ಲ ನನಗೆ ಕಲಿಸಿದ್ದು ನಮ್ಮ ಹಿರಿಯ ಆಪರೇಟರು. ಚಿಂಚೋಳಿ ಕಡೆಯ ಕೊಡ್ಲಿಯವರು, ಒಕ್ಕಲುತನದ ಮನೆಯವರು. ನಾನು ಅವರಿಗೆ ಕಾಕಾ ಅನ್ನುತ್ತಿದ್ದೆ. ಐಟಿಐ ಮುಗಿಸಿ ನಾನು ಗುತ್ತಿಗೆ ಮೇಲೆ ಸೇರಿದ ಮೊದಲ ದಿನ ಹಾಜರಿ ಪುಸ್ತಕಕ್ಕೆ ಕೈ ಚಾಚಿದರೆ ಅವರು ಪುಸ್ತಕ ಮುಚ್ಚಿಬಿಟ್ಟರು.

"ಮದಲ ನಿಶಾನಿ ನೋಡ ತಂಗಿ. ಆಮ್ಯಾಲ ಸಹಿ."

ಛಾವಣಿಯ ಮೇಲೆ ಬಿದಿರಿಗೆ ಕಟ್ಟಿದ ಒಂದು ಹಳೆ ಸೀರೆಯ ತುಂಡು ಹಾರುತ್ತಿತ್ತು. ಅದೇ ನಿಶಾನಿ. ಅದು ಎತ್ತ ಹಾರುತ್ತದೋ ಅತ್ತ ಓಡಬಾರದು. ಅದಕ್ಕೆ ಅಡ್ಡವಾಗಿ ಓಡಬೇಕು, ಎತ್ತರಕ್ಕೆ ಏರಬೇಕು. ರಾಶಿ ತೂರುವ ರೈತನಿಗೆ ಗಾಳಿಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ಅವರಿಗೆ ಜಂಬ. ದಿನಾ ಬೆಳಿಗ್ಗೆ ಕಡ್ಡಿಗೆ ಅರಳೆ ಸುತ್ತಿ ಅಮೋನಿಯಾದಲ್ಲಿ ಅದ್ದಿ, ಸಿಲಿಂಡರಿನ ಕುತ್ತಿಗೆಯ ಸುತ್ತ ಆರತಿ ಎತ್ತಿದ ಹಾಗೆ ಆಡಿಸುತ್ತಿದ್ದರು. ಎಲ್ಲಾದರೂ ಸೋರುತ್ತಿದ್ದರೆ ಅಲ್ಲಿ ಬಿಳಿ ಹೊಗೆ ಏಳುತ್ತಿತ್ತು. "ಕಾಕಾಂದು ಪೂಜಾ ಸುರು ಆತು, ಪ್ರಸಾದ ಯಾವಾಗ್ರಿ?" ಅಂತ ನಾನು ಚೇಷ್ಟೆ ಮಾಡುತ್ತಿದ್ದೆ. "ಪ್ರಸಾದ ಸಿಕ್ಕ ದಿನ ನೀ ನಗಾಂಗಿಲ್ಲ, ಸುಮ್ಕಿರು" ಅನ್ನುತ್ತಿದ್ದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜಾತಿಯವರಲ್ಲ ಅವರು.

ಆ ದಿನಗಳು ನನಗೆ ಭಾಳ ನೆನಪಾಗುತ್ತವೆ. ಈಗ ನಾನು ಸೇಡಂ ಕಡೆಗೆ ವರ್ಗವಾಗಿದ್ದೇನೆ. ಇಲ್ಲಿ ಸಿಲಿಂಡರೇ ಇಲ್ಲ, ನೀಲಿ ಡ್ರಮ್ಮಿನಲ್ಲಿ ದ್ರಾವಣ ಬರುತ್ತದೆ, ನಳ ತಿರುವಿದರೆ ಆಯಿತು. ಒಳ್ಳೆಯದೇ. ಆದರೂ ಅಲ್ಲಿಯ ಮಧ್ಯಾಹ್ನಗಳು ಇಲ್ಲಿಲ್ಲ. ಪಂಪಿನ ಗುಂಯ್ ಸದ್ದು, ತೊಟ್ಟಿಯ ತಂಪು, ಕಾಕಾನ ಡಬ್ಬಿಯ ಪುಂಡಿಪಲ್ಯ, ನನ್ನ ಡಬ್ಬಿಯ ಶೇಂಗಾ ಹಿಂಡಿ, ನಡುವೆ ಇಬ್ಬರದೂ ಜೋಳದ ರೊಟ್ಟಿ. ಊಟದ ಹೊತ್ತಿಗೆ ಸರಿಯಾಗಿ ದಿಬ್ಬ ಹತ್ತಿ ಅಪ್ಪ ಬರುತ್ತಿದ್ದ.

ನಮ್ಮೂರು ಭಂಕೂರ. ದಿಬ್ಬದ ಕೆಳಗೇ ಒಂದು ಫರ್ಸಿ ಖಣಿ ಇತ್ತು, ನೆಲಕ್ಕೆ ಹಾಸುವ ಕಲ್ಲು ಎಬ್ಬಿಸುವ ಖಣಿ. ಅಪ್ಪ ಅಲ್ಲಿ ಮುಕಾದಮ, ಅಂದರೆ ಏಳೆಂಟು ಆಳುಗಳ ಮೇಲಿನ ಹಿರಿಯ. ಮೈಯೆಲ್ಲ ಕಲ್ಲಿನ ಪುಡಿ, ಹುಬ್ಬು ಕೂಡ ಬೆಳ್ಳಗೆ. ನಮ್ಮ ನಳದ ನೀರು ಎರಡು ಚೊಂಬು ಕುಡಿದು, "ನಿಮ್ಮ ನೀರಿಗಿ ದವಾಖಾನಿ ವಾಸನಿ ಬರ್ತದ ನೋಡವಾ" ಅಂತ ದಿನಾ ಕೊಂಕು ತೆಗೆಯುತ್ತಿದ್ದ. ಮಾರನೆ ದಿನ ಮತ್ತೆ ಅದನ್ನೇ ಕುಡಿಯಲು ಬರುತ್ತಿದ್ದ. ಮಗಳು ಕಲ್ಲು ಹೊರುವುದು ಬಿಟ್ಟು ಯಂತ್ರ ತಿರುವುತ್ತಾಳೆ ಅಂತ ಅವನಿಗೆ ಎಷ್ಟು ಹೆಮ್ಮೆ ಇತ್ತೆಂಬುದು ನನಗೆ ಗೊತ್ತು. ಬಾಯಿ ಬಿಟ್ಟು ಮಾತ್ರ ಒಂದು ದಿನವೂ ಹೇಳಲಿಲ್ಲ, ಭೂಪ.

ಫರ್ಸಿ ಖಣಿಯ ಆಚೆ ಸಿಮೆಂಟಿನ ಕಲ್ಲು ತೆಗೆಯುವ ದೊಡ್ಡ ಖಣಿ ಇತ್ತು. ಅಲ್ಲಿ ಮದ್ದು ಸಿಡಿಸುವ ಮುಂಚೆ ಭೋಂಗಾ, ಅಂದರೆ ಸೈರನ್, ಕೂಗುತ್ತಿತ್ತು. ಒಮ್ಮೊಮ್ಮೆ ತಲೆಗಾತ್ರದ ಕಲ್ಲು ನಮ್ಮವರ ಖಣಿಯ ತನಕ ಹಾರಿ ಬರುತ್ತಿದ್ದವು. ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ. ಭೋಂಗಾ ಕೇಳಿದ ಕೂಡಲೇ ಉಳಿ ಸುತ್ತಿಗೆ ಕೆಳಗಿಟ್ಟು, ಮೊಬೈಲ್ ಬಂದ್ ಮಾಡಿ, ಖಣಿಯ ತಳಕ್ಕಿಳಿದು ಗ್ವಾಡಿಗೆ ಬೆನ್ನು ಹಚ್ಚಿ ಕೂರಬೇಕು. ಮುಕಾದಮ ಏಳುವ ತನಕ ಯಾರೂ ಏಳಬಾರದು. ನಾನು ಚಿಕ್ಕವಳಿದ್ದಾಗ ಬುತ್ತಿ ಒಯ್ದ ದಿನ ಎಷ್ಟು ಸಲ ಹಾಗೆ ಅಪ್ಪನ ಕಂಕುಳಲ್ಲಿ ತಲೆ ಹುದುಗಿಸಿ ಕೂತಿಲ್ಲ! "ಮ್ಯಾಲ ನೋಡಬ್ಯಾಡ, ನೆಲಾ ನೋಡು" ಅನ್ನುತ್ತಿದ್ದ. ಭೋಂಗಾ ಅಂದರೆ ಕೆಳಗಿಳಿ ಅಂತ ನನ್ನ ರಕ್ತಕ್ಕೇ ಗೊತ್ತಿತ್ತು.

ಗೊತ್ತಿದ್ದೂ ಮರೆತೆ. ಅದೇ ನನ್ನ ಪಾಪ.

ನಮ್ಮ ಘಟಕಕ್ಕೂ ಒಂದು ಭೋಂಗಾ ಇರಬೇಕು ಅಂತ ಮೇಲಿಂದ ಹುಕುಂ ಬಂದಿತ್ತು. ತಂದು ಛಾವಣಿಗೆ ಕೂರಿಸಿದರು. ಊರ ಜನ ಗಾಬರಿಯಾಗುತ್ತಾರೆ ಅಂತ ಒಮ್ಮೆಯೂ ಕೂಗಿಸಿ ನೋಡಲಿಲ್ಲ. ತಾಲೀಮು ಮಾಡುವ ದಿನ ಬರೀ ಶೀಟಿ ಊದುತ್ತಿದ್ದೆವು. ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳುವವಳು ನಾನೇ: ಸೋರಿದರೆ ಇಂಥದು ಮಾಡಿ, ಇಂಥದು ಬೇಡ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನಲ್ಲಿ ಬಿತ್ತಂತೆ.

ಒಂದು ದಿನ ಬೆಳಿಗ್ಗೆ, ಸುಮಾರು ಹನ್ನೊಂದರ ಹೊತ್ತು. ಸಿಲಿಂಡರ್ ಬದಲಿಸಿ ಕವಾಟ ತೆರೆದ ಕೂಡಲೇ ಅದರ ಕುತ್ತಿಗೆಯಲ್ಲಿ ಸುಯ್ ಅಂತ ಸದ್ದಾಯಿತು. ಕಣ್ಣಿಗೆ ಖಾರ ಬಿದ್ದ ಹಾಗಾಯಿತು. ಮುಚ್ಚಲು ಹೋದರೆ ಕವಾಟ ಜಪ್ಪಯ್ಯ ಅನ್ನಲಿಲ್ಲ. ಕಾಕಾ ನನ್ನ ರಟ್ಟೆ ಹಿಡಿದು ಹೊರಗೆಳೆದರು. ಕಾವಲುಗಾರ ನೀರಿನ ಪೈಪು ಎಳೆದುಕೊಂಡು ಓಡಿ ಬಂದ.

"ಏ, ನೀರ ಹಾಕಬ್ಯಾಡ! ನೀರ ಬಿದ್ರ ಕಬ್ಬಿಣ ತಿಂದು ತೂತ ಮತ್ತಿಷ್ಟು ದೊಡ್ಡದಾಗ್ತದ!" ಅಂತ ಕಾಕಾ ಗದರಿ, ಬೆನ್ನಿಗೆ ಉಸಿರಿನ ಸಿಲಿಂಡರ್ ಏರಿಸುತ್ತ ಕೇಳಿದರು: "ನಿಶಾನಿ ಎತ್ತಾಗ ಅದ ತಂಗಿ?"

"ಖಣಿ ಕಡಿಗಿ ಕಾಕಾ."

"ಭೋಂಗಾ ಒತ್ತು. ಮಂದಿ ಓಡಲಿ."

ಒತ್ತಿದೆ. ಕಾಕಾ ಮುಖವಾಡ ಹಾಕಿಕೊಂಡು, ಸೋರುವ ಬಾಯಿಗೆ ಹಾಕುವ ಟೋಪಿಯಂಥ ಮುಚ್ಚಳ ಮತ್ತು ಅದನ್ನು ಬಿಗಿಯುವ ಪಾನಾ ಹಿಡಿದು ಒಳಗೆ ಹೋದರು. ನಾನು ಕಟ್ಟೆಯ ತುದಿಗೆ ಬಂದು ಕೆಳಗೆ ನೋಡಿದೆ. ಖಣಿಯಲ್ಲಿ ಎಲ್ಲರೂ ಉಳಿ ಕೆಳಗಿಡುತ್ತಿದ್ದರು. ಮೇಲಿನ ಮೆಟ್ಟಿನಲ್ಲಿದ್ದವರನ್ನೂ ಅಪ್ಪ ಕೈ ಬೀಸಿ ಕರೆದು, ತಲೆ ಎಣಿಸಿ, ತಳದ ಗ್ವಾಡಿಗೆ ಕೂರಿಸುತ್ತಿದ್ದ. ಕ್ಲೋರಿನ್ ಎಲ್ಲಿಗೆ ಹೋಗಿ ತುಂಬುತ್ತದೋ ಸರಿಯಾಗಿ ಅಲ್ಲಿಗೆ.

ಅಯ್ಯೋ ದೇವರೇ, ನಾನೇ ಕೂರಿಸಿದೆನಲ್ಲ ಅವರನ್ನು ಅಲ್ಲಿ! ಅಪ್ಪನ ಮೊಬೈಲಿಗೆ ಹಚ್ಚಿದೆ. ಸ್ವಿಚ್ ಆಫ್.

ನೇರವಾಗಿ ಇಳಿದರೆ ಖಣಿ ಮೂರು ನಿಮಿಷದ ದಾರಿ. ಆದರೆ ಆ ದಾರಿಯಲ್ಲೇ ಅದು ಹೋಗುತ್ತಿತ್ತು. ಹಾಲು ಉಕ್ಕಿ ಒಲೆಯಿಂದ ಕೆಳಗಿಳಿದ ಹಾಗೆ ತಿಳಿ ಹಳದಿ ಹೊಗೆ ಹುಲ್ಲಿನ ಬುಡ ಹಿಡಿದು ಹರಿಯುತ್ತಿತ್ತು. ಕಾಲು ಅತ್ತಲೇ ಎಳೆದವು. ಕಾಕಾನ ಪಾಠ ತಲೆಯಲ್ಲಿತ್ತೋ ಕಾಲಲ್ಲಿತ್ತೋ ಗೊತ್ತಿಲ್ಲ, ಗಾಳಿಗೆ ಅಡ್ಡವಾಗಿ ಹೊಲದ ಬದು ಹಿಡಿದು ಸುತ್ತು ಹಾಕಿ ಓಡಿದೆ. ಓಢಣಿ ತೊಯಿಸಿ ಮೂಗಿಗೆ ಕಟ್ಟಿದ್ದೆ. ತೊಗರಿ ಕೂಳೆ ಕಾಲಿಗೆ ಚುಚ್ಚಿದ್ದು ಆಗ ತಿಳಿಯಲೂ ಇಲ್ಲ.

ಖಣಿಯ ಆಚೆ ಬದಿಗೆ, ಕಲ್ಲು ಹೊತ್ತು ಮೇಲೆ ಬರುವ ಮೆಟ್ಟಿಲ ಹತ್ತಿರ ಹೋಗಿ ನಿಂತು ಕೂಗಿದೆ. "ಗ್ಯಾಸು! ಮ್ಯಾಲ ಬರ್ರಿ, ಮ್ಯಾಲ ಬರ್ರಿ!" ಭೋಂಗಾ ಇನ್ನೂ ಅರಚುತ್ತಲೇ ಇತ್ತು, ಬಂದ್ ಮಾಡುವ ಎಚ್ಚರವೇ ನನಗಿರಲಿಲ್ಲ. ನನ್ನ ದನಿ ನನಗೇ ಕೇಳಲಿಲ್ಲ. ಕೆಳಗಿನಿಂದ ಅಪ್ಪ ನನ್ನನ್ನು ನೋಡಿದ. ಎರಡೂ ಕೈ ನೆಲದ ಕಡೆ ಬಡಿದು ತೋರಿಸಿದ: ಮಲಗು, ಮಲಗು. ಅವನ ಪಕ್ಕದಲ್ಲಿ ಕೂತಿದ್ದ, ಅದೇ ಖಣಿಯಲ್ಲಿ ಕಲ್ಲು ಹೊರುತ್ತಿದ್ದ ನಮ್ಮ ದೊಡ್ಡವ್ವ ಸೆರಗು ಬೀಸಿ ಅದನ್ನೇ ಹೇಳಿದಳು. ನಾನು ಮಲಗಲಿಲ್ಲ. ಖಣಿಯ ಅಂಚಿನಲ್ಲಿ ನೆಟ್ಟಗೆ ನಿಂತು ಎರಡೂ ಕೈಯಿಂದ ಮೇಲೆ ಬನ್ನಿ ಅಂತ ಕರೆಯುತ್ತಲೇ ಇದ್ದೆ. ನಮ್ಮ ಘಟಕದ ಕಡೆಯ ದಂಡೆಯಿಂದ ಹಳದಿ ಹೊಗೆ ಒಳಗೆ ಇಳಿಯಲು ಶುರುವಾಗಿತ್ತು. ಉಳಿದವರೆಲ್ಲ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು.

ಆಗ ಅಪ್ಪ ಎದ್ದ. ಮೊಣಕಾಲು ನೋವು ಅಂತ ನಮ್ಮ ದಿಬ್ಬ ಹತ್ತುವಾಗ ಮೂರು ಕಡೆ ಕೂರುತ್ತಿದ್ದ ಮನುಷ್ಯ ಆ ಮೆಟ್ಟಿಲು ಎರಡೆರಡು ದಾಟಿ ಬಂದ. ಮುಕಾದಮ ಎದ್ದದ್ದು ನೋಡಿ ದೊಡ್ಡವ್ವ ಎದ್ದಳು, ಅವಳ ಹಿಂದೆ ಉಳಿದ ಆರೂ ಮಂದಿ. ಬಂದವನೇ ಅಪ್ಪ ನನ್ನ ಕೆನ್ನೆಗೆ ಫಟ್ ಅಂತ ಹೊಡೆದ. ಹುಟ್ಟಿದಾಗಿನಿಂದ ಕೈ ಎತ್ತದ ಅಪ್ಪ. "ಸಾಯಾಕ ಬಂದೀಯೇನು? ಕಲ್ಲ ಬೀಳ್ತಾವ ಗೊತ್ತಿಲ್ಲೇನು ನಿನಗ?" ಅಂತ ಕೂಗಿ ನನ್ನ ತಲೆಯನ್ನು ಎದೆಗೆ ಒತ್ತಿ ನೆಲಕ್ಕೆ ಕೆಡವಲು ನೋಡಿದ. ನಾನು ಅವನ ಗದ್ದ ಹಿಡಿದು ಮುಖ ತಿರುಗಿಸಿ ಖಣಿ ತೋರಿಸಿದೆ. ಅವರು ಕೂತಿದ್ದ ಜಾಗ ಆಗಲೇ ಹಳದಿಯಾಗಿತ್ತು. ಅಲ್ಲಿಟ್ಟಿದ್ದ ಅವರ ಚಹಾದ ಕೆಟ್ಲಿ ಕಾಣುತ್ತಿರಲಿಲ್ಲ.

ಅಪ್ಪ ನನ್ನನ್ನು ಬಿಟ್ಟ. ಆಮೇಲೆ ಮೆಟ್ಟಿಲ ಬಾಯಿಗೆ ನಿಂತು ಒಬ್ಬೊಬ್ಬರ ಕೈ ಹಿಡಿದು ಮೇಲೆತ್ತಿ, ಎಣಿಸಿ, ಕೊನೆಗೆ ತಾನು ಬಂದ. ಅಷ್ಟರಲ್ಲಿ ಅವನ ಗಂಟಲಿಗೆ ಅದು ಹೋಗಿತ್ತು. ದಿಣ್ಣೆಯ ಮೇಲಿನ ಗುಡಿಯ ಎತ್ತರಕ್ಕೆ ಹೋಗುವ ತನಕ ಕೆಮ್ಮುತ್ತಲೇ ನಡೆದ.

ಕಾಕಾ ಅರ್ಧ ಗಂಟೆಯಲ್ಲಿ ಮುಚ್ಚಳ ಬಿಗಿದು ಸೋರಿಕೆ ನಿಲ್ಲಿಸಿದರು. ನನಗೆ ಬೈಯಲಿಲ್ಲ. "ಒತ್ತು ಅಂದಾವ ನಾ ಅಲ್ಲೇನು" ಅಂದರು. ಭೋಂಗಾ ಕಿತ್ತು, ಮೈಕು ಕಟ್ಟಿ, ಎತ್ತ ಕಡೆ ಹೋಗಬೇಕು ಅಂತ ಬಾಯಿಮಾತಿನಲ್ಲಿ ಹೇಳುವ ಏರ್ಪಾಟು ಆಮೇಲೆ ಅವರೇ ಮಾಡಿಸಿದರು. ಖಣಿಯವರನ್ನು ಕರೆದು ನಿಶಾನಿ ನೋಡುವುದನ್ನೂ ಕಲಿಸಿದರು. ಅದೆಲ್ಲ ಆಮೇಲಿನ ಮಾತು.

ಅಪ್ಪ ಕಲಬುರಗಿಯ ಒಂದು ದವಾಖಾನೆಯಲ್ಲಿ ಮೂರು ದಿನ ಆಕ್ಸಿಜನ್ ಮೇಲಿದ್ದ. ಎರಡನೆ ದಿನ ಮಾತಾಡುವಷ್ಟಾದಾಗ ನಾನು ಮಂಚದ ಪಕ್ಕ ಕೂತು, "ಅಪ್ಪಾ, ಭೋಂಗಾ ಒತ್ತಿದಾಕಿ ನಾನೇ" ಅಂದೆ. ಅಷ್ಟರಲ್ಲಿ ಡಾಕ್ಟರು ಬಂದರು. ಎದೆಗೆ ಸ್ಟೆತಸ್ಕೋಪ್ ಹಚ್ಚಿ ನೋಡಿ, ನಗುತ್ತ ಕೇಳಿದರು: "ಗ್ಯಾಸ್ ಅಂತ ಗೊತ್ತಾಗಿ ಬರೋಬ್ಬರಿ ಟೈಮಿಗಿ ಮ್ಯಾಲ ಬಂದೀರಿ ನೋಡ್ರಿ. ಯಾರು ಹೇಳಿಕೊಟ್ಟಿದ್ರು?"

ಅಪ್ಪ ಮುಖವಾಡ ಸರಿಸಿದ.

"ಗ್ಯಾಸಿಂದು ನನಗೇನ್ ಗೊತ್ತರಿ ಸಾಹೇಬ್ರ. ಕಲ್ಲ ಬೀಳ್ತಾವ ಅಂತ ತಿಳದಿದ್ದೆ. ಮಗಳು ಮ್ಯಾಲ ನಿಂತಿದ್ಲು, ಅದಕ್ಕ ಹ್ವಾದೆ."

ಡಾಕ್ಟರು ಬರೆಯುವುದು ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಎದ್ದು ಹೊರಗೆ ಹೋಗಿ ವರಾಂಡದಲ್ಲಿ ಜನ ಇದ್ದಾರೆ ಅನ್ನುವುದನ್ನೂ ನೋಡದೆ ಅತ್ತುಬಿಟ್ಟೆ.