ಗುಡ್ಡದಲ್ಲಿ ಕೆಮ್ಮಬೇಕು

ಭಾನುವಾರ ಶಹಾಪುರದ ಗುಡ್ಡ ಹತ್ತುವುದು ನನ್ನ ರೂಢಿ. ಹೋಳಿ ಮುಗಿದ ಮೇಲೆ ಸುತ್ತಲಿನ ಹಳ್ಳಿಯವರು ನಾಯಿ, ಬಡಿಗೆಗಳೊಂದಿಗೆ ಅಲ್ಲಿಗೆ ಮೊಲದ ಬೇಟೆಗೆ ಬರುತ್ತಾರೆ. ಅಂಥ ಒಂದು ಬೆಳಿಗ್ಗೆ ಕೆಳಗಿನಿಂದ ಅವರ ಗದ್ದಲ ಕೇಳಿಸಿತು. ಅವರ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಪೊದೆಯ ಹಿಂದೆ ಸದ್ದಿಲ್ಲದೆ ಕುಳಿತೆ. ಅದೇ ಮರ್ಯಾದೆ ಎಂದು ನನ್ನ ತಿಳಿವಳಿಕೆ. ಸ್ವಲ್ಪ ಹೊತ್ತಿಗೆ ಒಂದು ಬಡಿಗೆ ಹಾರಿ ಬಂದು ಪಕ್ಕದ ಬಂಡೆಗೆ ಬಡಿಯಿತು.

ಬಡಿಗೆಯ ಹಿಂದೆಯೇ ಬಂದ ಮುದುಕ ನನ್ನನ್ನು ಕಂಡು ಬೈಯಲಿಲ್ಲ.

"ಕಂಟಿ ಹಿಂದ ಉಸಿರ ಹಿಡದು ಕೂಡೂದು ಮೊಲ. ಮನಷ್ಯಾ ಇದ್ರ ಕೆಮ್ಮಬೇಕ್ರಿ," ಎಂದ.

ನಾನು ಕೆಮ್ಮಿದೆ. ಅಷ್ಟರಲ್ಲಿ ನಿಜವಾದ ಮೊಲ ಬೇರೆ ಕಡೆಯಿಂದ ಪಾರಾಗಿತ್ತು.

ಬೇಟೆಯ ಹೊತ್ತಿನಲ್ಲಿ ಗುಡ್ಡದ ಮೇಲೆ ಯಾರಿದ್ದರೂ ಅವರಿಗೊಂದು ಪಾಲು ಕೊಡುವುದು ಆ ಬೇಟೆಗಾರರ ಪದ್ಧತಿ. ನಾಯಿಗೂ ಪಾಲುಂಟು. ಆ ದಿನ ಏನೂ ಸಿಗದ್ದರಿಂದ ಕಟ್ಟಿಕೊಂಡು ತಂದಿದ್ದ ರೊಟ್ಟಿಯನ್ನೇ ಹಂಚಿದರು. ನಾಯಿಗೆ ಇಡೀ ರೊಟ್ಟಿ ಬಂತು, ನನಗೆ ಅರ್ಧ. ನಾನು ನಾಯಿಯ ರೊಟ್ಟಿಯತ್ತ ನೋಡಿದ್ದನ್ನು ಮುದುಕ ಗಮನಿಸಿದ.

"ಅದು ಓಡ್ಯಾದ್ರಿ," ಎಂದ. "ನೀವು ಕುಂತಿದ್ರಿ."