ಕುಂಕುಮದ ಹಿಂದಿನ ಕೆಂಪು ದೀಪ

ಗೋಕಾಕದ ಆಸ್ಪತ್ರೆಯೊಂದರ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಧನಪಾಲ, 2007ರಲ್ಲಿ ಅಲ್ಲಿಗೆ ನೆಟ್‌ವರ್ಕ್ ಕಾಯುವ ಎರಡು ಫೈರ್‌ವಾಲ್ ಪೆಟ್ಟಿಗೆ ಕೂಡಿಸಿದ. ಸ್ಕ್ಯಾನ್ ಚಿತ್ರಗಳು ಬೆಳಗಾವಿಯ ತಜ್ಞರಿಗೆ ಹೋಗುತ್ತಿದ್ದದ್ದು ಅವುಗಳ ಮೂಲಕವೇ.

“ಒಂದು ಕೆಟ್ರ ಇನ್ನೊಂದು ತಾನ ನಡಸತೈತ್ರಿ. ಯಾರಿಗೂ ಗೊತ್ತ ಆಗಂಗಿಲ್ಲ,” ಎಂದು ಬೀಗಿದ್ದ.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಯ ದಿನ ಎರಡಕ್ಕೂ ದಪ್ಪಗೆ ಕುಂಕುಮ ಮೆತ್ತಿ, ಚೆಂಡುಹೂ ಏರಿಸಿದ. ಪೂಜೆಯ ಕುಂಕುಮವನ್ನು ಆಮೇಲೆ ಯಾರೂ ಮುಟ್ಟಲಿಲ್ಲ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೆಟ್‌ವರ್ಕ್ ನಿಂತಿತು. ತಲೆಗೆ ಪೆಟ್ಟಾಗಿ ಮೂಡಲಗಿಯಿಂದ ಬಂದಿದ್ದ ಸೋಮಪ್ಪನ ಸ್ಕ್ಯಾನ್ ಹೋಗಲೇ ಇಲ್ಲ.

“ಎರಡೆರಡು ಅದಾವಲ್ಲೋ ಧನಪಾಲ!” ಎಂದು ಡಾಕ್ಟರು ಕೂಗಿದರು.

ಎರಡೂ ಕೆಟ್ಟಿದ್ದವು. ಧನಪಾಲ ಮೊದಲನೆಯದರ ಕುಂಕುಮವನ್ನು ಕರ್ಚೀಫಿನಿಂದ ಒರೆಸಿದ. ಅದರಡಿಯಲ್ಲಿ ದೋಷದ ಕೆಂಪು ದೀಪ ಯಾವತ್ತಿನಿಂದಲೋ ಉರಿಯುತ್ತಿತ್ತು. ಅಂದಿನಿಂದ ಎರಡನೆಯದೊಂದೇ ನಡೆಸುತ್ತಿದ್ದು, ಈಗ ಅದೂ ನಿಂತಿತ್ತು.

ಸಂಜೆ ಸೋಮಪ್ಪನ ಹೆಂಡತಿ ಗೌರವ್ವನ ಹಣೆಯ ಕುಂಕುಮವನ್ನೂ ಒರೆಸಿದರು.